ಕೊಸರು ಲೆಕ್ಕಕ್ಕಿಲ್ಲ

ಗಣಿತ ಕಲಿಸುವವರು ಸಾಮಾನು ತರಲು ಪೇಟೆಗೆ ಹೋದರೆ ಏನಾದರೊಂದು ಆಗಿಯೇ ಆಗುತ್ತದೆ. ನನ್ನ ವಿಷಯದಲ್ಲಿ ಅದು ತಡವಾಗಿ ಶುರುವಾಯಿತು. ಮದುವೆಯಾದ ಮೇಲೆ ಬಹಳ ವರ್ಷ ನಾನು ಪೇಟೆಗೆ ಹೋಗಿರಲೇ ಇಲ್ಲ. ಹೋಗುವವರು ನನ್ನ ಗಂಡ. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು, ತಂದದ್ದಕ್ಕೆಲ್ಲ ಒಂದರ ಬೆಲೆ ಎಷ್ಟಾಯಿತೆಂದು ಲೆಕ್ಕ ಹೇಳುವವಳು.

ಆ ಭಾನುವಾರವೂ ಹಾಗೆಯೇ ಇತ್ತು. ಅವರು ಕಾರವಾರದ ಮೀನುಪೇಟೆಯಿಂದ ಹಬ್ಬುವಾಡದ ನಮ್ಮ ಮನೆಗೆ ಸೈಕಲ್ಲಿನಲ್ಲಿ ಬಂದರು. ನೀಲಿ ಪಟ್ಟೆಯ ನೈಲಾನ್ ಚೀಲವನ್ನು ಹಿತ್ತಿಲ ಕಟ್ಟೆಯ ಮೇಲಿಟ್ಟು, ಹತ್ತು ಬಂಗಡೆಗೆ ಇಪ್ಪತ್ತೈದು ರೂಪಾಯಿ ಎಂದರು. ಚೀಲದಲ್ಲಿ ಹನ್ನೆರಡು ಇದ್ದವು. ನಾನು ಇಪ್ಪತ್ತೈದನ್ನು ಹನ್ನೆರಡರಿಂದ ಭಾಗಿಸಿ, ಒಂದಕ್ಕೆ ಎರಡು ರೂಪಾಯಿ ಎಂಟು ಪೈಸೆ ಬಿತ್ತು ಎಂದೆ. ಅವರು ತಲೆ ಅಲ್ಲಾಡಿಸಿದರು.

"ಹತ್ತರಿಂದ ಭಾಗಿಸು. ಮೇಲಿನ ಎರಡು ಕೊಸರು. ಕೊಸರು ಲೆಕ್ಕಕ್ಕಿಲ್ಲ."

ಅಳೆದು ಎಣಿಸಿ ಕೊಟ್ಟ ಮೇಲೆ ಮಾರುವವಳು ತಾನಾಗಿ ಹಾಕುವ ಹೆಚ್ಚಿನದು ಕೊಸರು. ಅದನ್ನು ಎಣಿಸಿದರೆ ಕೊಟ್ಟವಳ ಮನಸ್ಸಿಗೆ ಬೆಲೆ ಕಟ್ಟಿದ ಹಾಗೆ ಎಂಬುದು ಅವರ ಸಿದ್ಧಾಂತ. ಲೆಕ್ಕಕ್ಕಿಲ್ಲದ್ದು ಸಾರಿಗೆ ಹೇಗೆ ಬರುತ್ತದೆ ಎಂಬುದು ನನ್ನ ಪ್ರಶ್ನೆ. ಒಳಗೆ ಮಸಾಲೆ ರುಬ್ಬುತ್ತಿದ್ದ ಅತ್ತೆ, ನೀವಿಬ್ಬರು ಮುಗಿಸುವುದರೊಳಗೆ ಬೆಕ್ಕು ಎಲ್ಲವನ್ನೂ ಭಾಗಿಸಿ ಮುಗಿಸುತ್ತದೆ ಎಂದರು. ಮೂವರೂ ನಕ್ಕೆವು. ಊಟ ಮಾಡಿ ಮಲಗಿದ ನನ್ನ ಗಂಡ ನಾಲ್ಕು ಗಂಟೆಯ ಚಹಾಕ್ಕೆ ಏಳಲಿಲ್ಲ.

ಕರ್ಮಗಳು ಮುಗಿದು ಮನೆಯಲ್ಲಿ ಮತ್ತೆ ಮೀನು ಮಾಡುವ ದಿನ ಕದ್ವಾಡದಿಂದ ಅತ್ತೆಯ ತಮ್ಮ ಒಳ್ಳೆಯ ಇಸೋಣ ಮೀನು ಕೊಂಡು ತಂದರು. ಅತ್ತೆ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

"ಮಗ ತಂದದ್ದು ತಿಂದಾಯ್ತು. ಇನ್ನು ದುಡ್ಡು ಕೊಟ್ಟು ತಂದ ಮೀನು ನಂಗೆ ಬ್ಯಾಡ."

ಅಂದಿನಿಂದ ಅವರಿಗೆ ಮೂರು ಹೊತ್ತೂ ಗಂಜಿ, ಜೊತೆಗೆ ಮಿಡಿ ಉಪ್ಪಿನಕಾಯಿ. ಮೀನಿಲ್ಲದೆ ಒಂದು ತುತ್ತೂ ಇಳಿಯದಿದ್ದವರು. ಮಳೆಗಾಲ ಮುಗಿಯುವಷ್ಟರಲ್ಲಿ ರವಿಕೆಯ ತೋಳು ಸಡಿಲವಾಗಿ ಜೋಲತೊಡಗಿತು. ಡಾಕ್ಟರರು ತೂಕ ನೋಡಿ, ಸದ್ಯಕ್ಕೆ ಒಂದು ಶಕ್ತಿಪುಡಿ ಕುಡಿಸಿ, ಆದರೆ ಇವರಿಗೆ ನಿಜವಾಗಿ ಬೇಕಾದದ್ದು ಮೀನು ಎಂದರು. ಹೀಗೆ ಅತ್ತೆಗೆ ಮೀನು ತಿನ್ನಿಸುವುದು ಆ ವರ್ಷ ನನ್ನ ಕೆಲಸವಾಯಿತು. ಇವು ಆ ಕೆಲಸದಲ್ಲಿ ಆದ ಪ್ರಸಂಗಗಳು. ನನ್ನ ಗಂಡ ಇದ್ದಿದ್ದರೆ ಅವರಿಗೇ ಹೇಳುತ್ತಿದ್ದೆ. ಬರೆಯುವ ಅಗತ್ಯ ಬೀಳುತ್ತಿರಲಿಲ್ಲ.

ಪೊಟ್ಟಣದ ತೋರಣ

ಮೊದಲು ಶಕ್ತಿಪುಡಿ. ಬೀದಿಯ ಕೊನೆಯ ಕಿರಾಣಿ ಅಂಗಡಿಯಲ್ಲಿ ಅರ್ಧ ಕಿಲೋ ಡಬ್ಬಿಗೆ ನೂರಾ ಹತ್ತು ರೂಪಾಯಿ. ಅದೇ ಪುಡಿ ಇಪ್ಪತ್ತೈದು ಗ್ರಾಮಿನ ಸಣ್ಣ ಪೊಟ್ಟಣಕ್ಕೆ ಐದು ರೂಪಾಯಿ. ಒಂದು ಗ್ರಾಮಿನ ಬೆಲೆ ತೆಗೆದೆ. ಡಬ್ಬಿಯದು ಇಪ್ಪತ್ತೆರಡು ಪೈಸೆ, ಪೊಟ್ಟಣದ್ದು ಇಪ್ಪತ್ತು. ದೊಡ್ಡದು ಕೊಂಡರೆ ಅಗ್ಗ ಎಂದು ಜನ ತಿಳಿದಿರುವುದು ತಪ್ಪು ಎಂದು ಅಂಗಡಿಯವನಿಗೆ ಹೇಳಿ ಇಪ್ಪತ್ತು ಪೊಟ್ಟಣ ಕೇಳಿದೆ.

ಡಬ್ಬಿ ಉಳಿಯುತ್ತದಲ್ಲ ಬಾಯಿ, ಅದರಲ್ಲಿ ಸಕ್ಕರೆ ತುಂಬಿಡಬಹುದು ಎಂದ ಅವನು. ನಮ್ಮ ಕಡೆ ಹೆಂಗಸರನ್ನು ಬಾಯಿ ಎಂದೇ ಕರೆಯುವುದು. ಖಾಲಿ ಡಬ್ಬಿಗೆ ಎಷ್ಟು ಬೆಲೆ ಕಟ್ಟುತ್ತೀಯ ಎಂದು ಕೇಳಿದೆ. ಯೋಚಿಸಿ, ಹತ್ತು ರೂಪಾಯಿ ಎಂದ. ಹತ್ತು ಕಳೆದರೆ ಎರಡೂ ಸರಿಸಮ. ಸರಿಸಮವಾದಾಗ ಯಾವುದನ್ನು ಕೊಳ್ಳಬೇಕು ಎಂದು ನಾನು ಕಲಿಸುವ ಪುಸ್ತಕದಲ್ಲಿ ಇಲ್ಲ. ಕೇಳಿದ್ದಾಗಿದೆಯಲ್ಲ ಎಂದು ಪೊಟ್ಟಣಗಳನ್ನೇ ತಂದೆ.

ಒಂದಕ್ಕೊಂದು ಅಂಟಿಕೊಂಡ ಇಪ್ಪತ್ತು ಪೊಟ್ಟಣಗಳ ಸರವನ್ನು ಅಡುಗೆಮನೆಯ ಕಿಟಕಿಯ ಮೊಳೆಗೆ ನೇತು ಹಾಕಿದೆ. ಅತ್ತೆ, ಇದು ಮಕ್ಕಳು ಕುಡಿಯೂದು ಎಂದು ಲೋಟ ಮುಟ್ಟಲಿಲ್ಲ. ಸರ ಹಾಗೆಯೇ ಗಾಳಿಗೆ ಆಡುತ್ತಿತ್ತು. ಒಂದು ಸಂಜೆ ಪಕ್ಕದ ಮನೆಯವಳು ಐದು ರೂಪಾಯಿಯ ನಾಣ್ಯ ಹಿಡಿದು ಕಿಟಕಿಯ ಹೊರಗೆ ನಿಂತಳು. ಮೂಲೆಯ ಅಂಗಡಿ ಬಾಗಿಲು ಹಾಕಿದೆ, ನೀವೂ ಅಂಗಡಿ ಶುರು ಮಾಡಿದ್ದು ಚಲೋ ಆಯ್ತು, ಒಂದು ಪೊಟ್ಟಣ ಕೊಡಿ ಎಂದಳು.

ಅತ್ತೆ ಎದ್ದು ಹೋಗಿ, ಒಂದು ಪೊಟ್ಟಣ ಹರಿದು ಕೊಟ್ಟು, ನಾಣ್ಯವನ್ನು ತಿರುಗಿಸಿ ನೋಡಿ ಸೊಂಟಕ್ಕೆ ಸಿಕ್ಕಿಸಿಕೊಂಡರು.

"ನಮ್ಮ ಅಂಗಡೀಲಿ ಕೊಸರು ಕೊಡೂದಿಲ್ಲ, ಈಗ್ಲೇ ಹೇಳ್ತೆ."

ಒಂದು ಬಂಗಡೆಯ ಬೆಲೆ

ನಾನು ಕೆಲಸ ಮಾಡುವುದು ಅಂಕೋಲೆಯ ಒಂದು ಶಾಲೆಯಲ್ಲಿ. ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ರಜೆ ಮುಗಿಸಿ ಹೋದಾಗ ಏಳನೆಯ ತರಗತಿಯಲ್ಲಿ ಏಕಾಂಶ ಪದ್ಧತಿಯ ಪಾಠ ಕಾದಿತ್ತು. ಹಲವು ವಸ್ತುಗಳ ಬೆಲೆ ಕೊಟ್ಟಾಗ ಮೊದಲು ಒಂದರ ಬೆಲೆ ಕಂಡುಹಿಡಿಯುವುದು. ಪುಸ್ತಕದಲ್ಲಿ ಪೆನ್ನುಗಳ ಲೆಕ್ಕವಿದೆ. ತರಗತಿಯ ಅರ್ಧದಷ್ಟು ಮಕ್ಕಳು ಸಮುದ್ರದ ದಂಡೆಯ ಮನೆಗಳವರು. ಅವರಿಗಾಗಿ ಪೆನ್ನು ಅಳಿಸಿ ಬಂಗಡೆ ಎಂದು ಬರೆದೆ. ಹನ್ನೆರಡು ಬಂಗಡೆಗೆ ಮೂವತ್ತು ರೂಪಾಯಿ ಆದರೆ ಒಂದು ಬಂಗಡೆಗೆ ಎಷ್ಟು?

ಕಿರುಪರೀಕ್ಷೆಯಲ್ಲೂ ಅದನ್ನೇ ಕೊಟ್ಟೆ. ಮೀನು ಮಾರುವವರ ಮನೆಯ ಹುಡುಗಿಯೊಬ್ಬಳು ಹಂತ ಹಂತವಾಗಿ ಬಿಡಿಸಿ, ಉತ್ತರದ ಕೆಳಗೆ ಎರಡು ಗೆರೆ ಎಳೆದಿದ್ದಳು. 'ಒಂದು ಬಂಗಡೆಗೆ ಎರಡೂವರೆ ರೂಪಾಯಿ. ಆದರೆ ಒಂದು ಕೊಡುವುದಿಲ್ಲ.'

ಕರೆದು ಯಾಕೆ ಎಂದು ಕೇಳಿದೆ.

"ಒಂದು ಬಂಗಡೆ ಯಾರು ತಕಂಡು ಹೋಗ್ತಾರೆ ಅಕ್ಕೋರೆ? ಮನೇಲಿ ಒಬ್ರೇ ಇದ್ರೂ ಬೆಕ್ಕು ಇರ್ತದಲ್ಲ."

ನಮ್ಮ ಮನೆಯಲ್ಲಿ ಮೀನು ತಿನ್ನುವವಳು ಆಗ ನಾನೊಬ್ಬಳೇ. ಬೆಕ್ಕೂ ಇತ್ತು. ಅವಳಿಗೆ ಐದಕ್ಕೆ ಐದೂವರೆ ಅಂಕ ಹಾಕಿದೆ. ಸಹಿಗೆ ಹೋದ ಅಂಕಪಟ್ಟಿಯನ್ನು ಮುಖ್ಯೋಪಾಧ್ಯಾಯರು ಕನ್ನಡಕ ಸರಿಮಾಡಿಕೊಂಡು ಎರಡು ಸಲ ನೋಡಿದರು. ಐದಕ್ಕೆ ಐದೂವರೆ ಹೇಗೆ ಬರುತ್ತದೆ, ನೀವು ಗಣಿತದವರು, ನೀವೇ ಹೇಳಬೇಕು ಎಂದರು.

"ಐದು ಲೆಕ್ಕದ್ದು ಸರ್," ಎಂದೆ. "ಅರ್ಧ ಕೊಸರು."

ಸಂಜೆ ಬಸ್ಸಿನಲ್ಲಿ ಇದನ್ನು ಮನೆಯಲ್ಲಿ ಹೇಗೆ ಹೇಳುವುದೆಂದು ಮಾತು ಜೋಡಿಸುತ್ತಾ ಬಂದೆ. ಅವರ್ಸಾ ದಾಟಿದ ಮೇಲೆ, ಯಾರಿಗೆ ಹೇಳಲು ಜೋಡಿಸುತ್ತಿದ್ದೇನೆ ಎಂಬುದು ನೆನಪಾಯಿತು.

ಬಸಳೆಯ ಎಲೆ

ಬಸಳೆ ಸಾರಿಗೆ ನಾಲ್ಕು ಒಣಸಿಗಡಿ ಹಾಕದಿದ್ದರೆ ಅದನ್ನು ನಮ್ಮಲ್ಲಿ ಸಾರು ಅನ್ನುವುದಿಲ್ಲ. ಸಿಗಡಿ ಸಣ್ಣದು, ದಪ್ಪ ದಂಟಿನ ನಡುವೆ ಕಾಣದೆ ಹೊಟ್ಟೆಗೆ ಹೋದೀತು ಎಂಬುದು ನನ್ನ ಉಪಾಯ.

ಅಂಕೋಲೆಯ ಬಸ್‌ಸ್ಟ್ಯಾಂಡಿನ ಹೊರಗೆ ಇಬ್ಬರು ಹೆಂಗಸರು ಬಸಳೆ ಮಾರುತ್ತಿದ್ದರು. ಒಬ್ಬಳ ಕಟ್ಟಿಗೆ ಐದು ರೂಪಾಯಿ, ಇನ್ನೊಬ್ಬಳದಕ್ಕೆ ಏಳು. ಏಳರದ್ದು ದಪ್ಪ ಕಾಣುತ್ತಿತ್ತು, ಆದರೆ ದಂಟು ಹೆಚ್ಚು. ತಕ್ಕಡಿ ಇದೆಯೇ ಎಂದೆ. ಸೊಪ್ಪಿಗೆ ಎಂತಕ್ಕೆ ತಕ್ಕಡಿ, ಇದೇನು ಬಂಗಾರವಾ ಎಂದಳು ಐದರವಳು. ಹಾಗಾಗಿ ಎಲೆ ಎಣಿಸಿದೆ. ಐದರ ಕಟ್ಟು ಮುಗಿಸಿ ಏಳರ ಕಟ್ಟಿನ ನಡುವೆ ಇದ್ದಾಗ ಕಾರವಾರದ ಬಸ್ಸು ನನ್ನ ಬೆನ್ನ ಹಿಂದೆಯೇ ಹೊರಟು ಹೋಯಿತು. ಏಳರವಳು ಬಸ್ಸಿನ ಕಡೆಗೂ ನನ್ನ ಕಡೆಗೂ ನೋಡಿದಳು.

"ಆಗ್ಲಿ ಅಕ್ಕೋರೆ, ಈಗ ಪುರ್ಸೊತ್ತು ಅದೆಯಲ್ಲ. ಬುಟ್ಟೀಲಿದ್ದದ್ದೂ ಎಣಿಸಿಬಿಡಿ, ನಂಗೂ ಗೊತ್ತಾಗ್ಲಿ."

ಇಬ್ಬರಿಂದಲೂ ಒಂದೊಂದು ಕಟ್ಟು ತಂದೆ. ಮರುದಿನ ಸಾರು ಮಾಡಿ ಅತ್ತೆಗೆ ಅನ್ನದ ಮೇಲೆ ಬಡಿಸಿದೆ. ಗಂಜಿ ಬಿಟ್ಟು ಅನ್ನ ಉಂಡದ್ದೇ ಅಂದು. ತಲೆಯೆತ್ತದೆ ನಿಧಾನವಾಗಿ ಉಂಡರು. ನನಗೆ ಒಳಗೊಳಗೇ ಖುಷಿಯಾಯಿತು. ಉಂಡಾದ ಮೇಲೆ ತಟ್ಟೆಯನ್ನು ನನ್ನ ಕಡೆಗೆ ತಳ್ಳಿದರು. ತಟ್ಟೆಯ ಅಂಚಿನಲ್ಲಿ ಸಿಗಡಿಗಳು ಒಂದರ ಪಕ್ಕ ಒಂದು ಸಾಲಾಗಿ ಕೂತಿದ್ದವು.

"ಏಳು ಅದೆ," ಎಂದರು ಅತ್ತೆ. "ನೀನು ಹಾಕಿದ್ದೂ ಏಳೇಯಾ ನೋಡು. ಲೆಕ್ಕ ತಪ್ಪಬಾರ್ದು."

ಚಿಪ್ಪಿನ ತೂಕ

ಅತ್ತೆಯ ತವರು ಕದ್ವಾಡ. ಕಾಳಿ ನದಿಯ ಇಳಿತದಲ್ಲಿ ಕೆಸರಿಗಿಳಿದು ಬಳಚು ಆಯ್ದ ಬಾಲ್ಯದ ಕತೆಯನ್ನು ನಾನು ಬೇಕಾದಷ್ಟು ಸಲ ಕೇಳಿದ್ದೇನೆ. ಬಳಚು ಚಿಪ್ಪಿನೊಳಗಿನ ಜೀವ. ಶಾಸ್ತ್ರದ ಪ್ರಕಾರ ಮೀನಲ್ಲ. ಅತ್ತೆ ಬೇಡವೆಂದದ್ದು ಮೀನನ್ನು. ಹೀಗೆ ಯೋಚಿಸಿ, ರಸ್ತೆಬದಿಯಲ್ಲಿ ಮಾರುತ್ತಿದ್ದವಳಿಂದ ಮೂವತ್ತು ರೂಪಾಯಿಗೆ ಒಂದು ಗುಪ್ಪೆ ತೆಗೆದುಕೊಂಡೆ.

ಶಾಲೆಗೆ ಒಯ್ಯುವ ಬಟ್ಟೆಯ ಚೀಲದಲ್ಲಿ ತುಂಬಿಕೊಂಡದ್ದು ನನ್ನ ತಪ್ಪು. ಕೆಸರುನೀರು ದಾರಿಯುದ್ದಕ್ಕೂ ಸೋರಿ ಸೀರೆಯ ನೆರಿಗೆಗೆ ಇಳಿಯಿತು. ಹಬ್ಬುವಾಡಕ್ಕೆ ತಿರುಗುವಷ್ಟರಲ್ಲಿ ನನ್ನ ಹಿಂದೆ ಮೂರು ಬೆಕ್ಕುಗಳು ಶಾಲೆಯ ಮಕ್ಕಳ ಹಾಗೆ ಸಾಲಾಗಿ ಬರುತ್ತಿದ್ದವು.

ಬೇಯಿಸಿ ಚಿಪ್ಪು ಬಿಡಿಸಿದೆ. ಕೊಂಡದ್ದು ಚಿಪ್ಪಿನ ಸಮೇತವಾದರೂ ತಿನ್ನುವುದು ಒಳಗಿನದನ್ನಲ್ಲವೇ ಎಂದು ಅದನ್ನು ಬೇರೆಯಾಗಿ ತೂಗಿದೆ. ನೂರಾ ಎಂಬತ್ತು ಗ್ರಾಂ. ಅಷ್ಟರಲ್ಲಿ ವಾಸನೆಗೆ ಅತ್ತೆ ಎದ್ದು ಬಂದಿದ್ದರು. ಪಾತ್ರೆಯ ಮೇಲೆ ಬಗ್ಗಿ, ತೆಂಗಿನಕಾಯಿ ಹುರಿದು ಹಾಕಬೇಕು, ಹಸಿ ಹಾಕಬಾರದು ಎಂದರು. ಎರಡು ಬೆರಳಲ್ಲಿ ಒಂದನ್ನು ಎತ್ತಿದರು. ಬಾಯಿಯ ಹತ್ತಿರ ಬಂದಿತ್ತು.

"ಕಿಲೋಗೆ ನೂರಾ ಅರವತ್ತಾರು ರೂಪಾಯಿ ಚಿಲ್ಲರೆ ಬಿತ್ತು ಅತ್ತೆ," ಎಂದೆ. "ಕುರಿಮಾಂಸಕ್ಕಿಂತ ಹೆಚ್ಚು."

ಅವರ ಕೈ ಅಲ್ಲೇ ನಿಂತಿತು. ಇಷ್ಟು ದುಡ್ಡು ಕೊಟ್ಟು ತಂದದ್ದಾ ಎಂದು ಕೇಳಿ, ಎತ್ತಿದ್ದನ್ನು ಪಾತ್ರೆಗೆ ಹಾಕಿದರು. ಲೆಕ್ಕವನ್ನು ನಾನು ಮನಸ್ಸಿನಲ್ಲೇ ಇಟ್ಟುಕೊಂಡಿದ್ದರೆ ತಿನ್ನುತ್ತಿದ್ದರು ಎಂದು ಈಗಲೂ ಅನ್ನಿಸುತ್ತದೆ. ಆಮೇಲೆ ಚಿಪ್ಪುಗಳನ್ನೆಲ್ಲ ಮೊರಕ್ಕೆ ಬಾಚಿ, ತುಳಸಿಕಟ್ಟೆಯ ಸುತ್ತ ಜೋಡಿಸಲು ತೆಗೆದುಕೊಂಡು ಹೋದರು. ಇದಕ್ಕೆ ದುಡ್ಡು ಬಿದ್ದಿಲ್ಲವಲ್ಲ ಎಂದು ಬಾಗಿಲಲ್ಲಿ ನಿಂತು ಖಾತ್ರಿ ಮಾಡಿಕೊಂಡರು. ಇಲ್ಲ ಎಂದೆ. ಕುರಿಮಾಂಸದ ದರದ್ದನ್ನು ನಾನೂ ಮೂರು ಬೆಕ್ಕುಗಳೂ ತಿಂದೆವು.

ಅಂಗಿಯ ಅಳತೆ

ಬಟ್ಟೆಯ ಚೀಲದ ವಾಸನೆ ಎಷ್ಟು ಒಗೆದರೂ ಹೋಗಲಿಲ್ಲ. ಮುಂದಿನ ಭಾನುವಾರ ಮೀನುಪೇಟೆಗೆ ಹೊರಟಾಗ ಹಿಂಬಾಗಿಲ ಮೊಳೆಯಲ್ಲಿದ್ದ ನೀಲಿ ಪಟ್ಟೆಯ ನೈಲಾನ್ ಚೀಲ ತೆಗೆದುಕೊಂಡೆ. ನನ್ನ ಗಂಡ ತೊಳೆದು ಒಣಹಾಕಿದ ದಿನದಿಂದ ಅದು ಅಲ್ಲೇ ಇತ್ತು. ಅತ್ತೆ ನೋಡಿದರು.

ನೀನೂ ಒಮ್ಮೆ ಬಾ, ಪೇಟೆ ನೋಡುವಂಥದ್ದು ಎಂದು ನನ್ನ ಗಂಡ ಎಷ್ಟೋ ಸಲ ಕರೆದಿದ್ದರು. ಭಾನುವಾರ ಉತ್ತರಪತ್ರಿಕೆ ತಿದ್ದುವುದಿರುತ್ತಿತ್ತು. ಈಗ ನೋಡಿದೆ. ಹೆಂಗಸರು ಸಾಲಾಗಿ ಕೂತಿದ್ದರು. ಮುಂದೆ ಹಲಗೆಗಳ ಮೇಲೆ ಮೀನಿನ ಸಣ್ಣ ಸಣ್ಣ ಗುಪ್ಪೆ. ಒಂದು ಗುಪ್ಪೆಗೆ ಒಂದು ಬೆಲೆ. ತಕ್ಕಡಿ ಎಲ್ಲೂ ಇಲ್ಲ. ಒಬ್ಬಳಲ್ಲಿ ಹತ್ತು ಬಂಗಡೆಗೆ ಮೂವತ್ತು, ಪಕ್ಕದವಳಲ್ಲಿ ಎಂಟಕ್ಕೆ ಇಪ್ಪತ್ತು. ಒಂದರ ಬೆಲೆ ನೋಡಿದರೆ ಎರಡನೆಯವಳದು ಅಗ್ಗ. ಆದರೆ ಅವಳ ಮೀನು ಗಿಡ್ಡ. ತೂಕ ಗೊತ್ತಿಲ್ಲದಿದ್ದರೆ ಉದ್ದವಾದರೂ ಬೇಕು. ಪರ್ಸಿನಲ್ಲಿ ಶಾಲೆಯ ಪ್ಲಾಸ್ಟಿಕ್ ಸ್ಕೇಲು ಇತ್ತು. ತೆಗೆದೆ.

ಸ್ಕೇಲು ಹದಿನೈದು ಸೆಂಟಿಮೀಟರಿನದು. ಬಂಗಡೆ ಅದಕ್ಕಿಂತ ಉದ್ದ. ಸ್ಕೇಲು ಮುಗಿದಲ್ಲಿ ಹೆಬ್ಬೆರಳು ಒತ್ತಿ, ಮತ್ತೆ ಅಲ್ಲಿಂದ ಅಳೆಯಬೇಕು. ಮೊದಲನೆಯವಳ ಹತ್ತು ಮೀನನ್ನೂ ಹೀಗೆ ಅಳೆದೆ. ಹೆಚ್ಚು ಕಡಿಮೆ ಇಪ್ಪತ್ತಿಪ್ಪತ್ತು ಸೆಂಟಿಮೀಟರ್. ಎಂದರೆ ಸೆಂಟಿಮೀಟರಿಗೆ ಹದಿನೈದು ಪೈಸೆ. ಪಕ್ಕದವಳವು ಹದಿನಾರು ಹದಿನಾರು. ಸೆಂಟಿಮೀಟರಿಗೆ ಹದಿನೈದೂವರೆ ದಾಟಿತು. ಅಷ್ಟರಲ್ಲಿ ಸಾಲಿನಲ್ಲಿ ಮಾತು ನಿಂತಿತ್ತು. ಮೊದಲನೆಯವಳು ವಯಸ್ಸಾದವಳು. ನನ್ನನ್ನೇ ನೋಡುತ್ತ ಕೇಳಿದಳು.

"ಬಾಯಿ, ಅದಕ್ಕೆ ಅಂಗಿ ಹೊಲಿಸೂದಾ?"

ತೋಳಿನ ಅಳತೆ ತಕಳಿ, ಆಮೇಲೆ ಬಿಗಿಯಾಯ್ತು ಅನಬ್ಯಾಡಿ ಎಂದಳು ಪಕ್ಕದವಳು. ಸಾಲಿಗೆ ಸಾಲೇ ನಕ್ಕಿತು. ನಾನು ಸ್ಕೇಲು ಒರೆಸಿ ಒಳಗಿಟ್ಟು, ಹತ್ತು ಬಂಗಡೆಗೆ ಮೂವತ್ತು ರೂಪಾಯಿ ಕೊಟ್ಟು ಚೀಲದ ಬಾಯಿ ಬಿಡಿಸಿದೆ.

ವಯಸ್ಸಾದವಳ ಕೈ ಚೀಲದ ಮೇಲೆ ನಿಂತಿತು. ನೀಲಿ ಪಟ್ಟೆ ನೋಡಿದಳು, ಹಿಡಿಕೆಗೆ ಸುತ್ತಿದ ದಾರ ನೋಡಿದಳು. ಆಮೇಲೆ ನನ್ನ ಬರಿದಾದ ಕುತ್ತಿಗೆ ನೋಡಿದಳು. ಹತ್ತು ಮೀನು ಎಣಿಸಿ ಹಾಕಿದಳು. ಬುಟ್ಟಿಯಿಂದ ಇನ್ನೊಂದನ್ನು ಆರಿಸಿ ತೆಗೆದು ಅದನ್ನೂ ಹಾಕಿದಳು.

"ಇದು ಚೀಲಕ್ಕೆ," ಎಂದಳು.

ಮೂವತ್ತನ್ನು ಹನ್ನೊಂದರಿಂದ ಭಾಗಿಸಲು ಬಾಯಿ ತೆರೆದಿತ್ತು. ಮುಚ್ಚಿಕೊಂಡೆ. ಅವರು ಇಲ್ಲಿ ನಿಂತು ಏನು ಮಾತಾಡುತ್ತಿದ್ದರು ಎಂದು ಅವಳನ್ನು ಕೇಳಬೇಕಿತ್ತು. ಕೇಳಲಾಗದೆ ಬಂದುಬಿಟ್ಟೆ.

ಮನೆಯಲ್ಲಿ ಅತ್ತೆ ಮಸಾಲೆ ರುಬ್ಬುತ್ತಿದ್ದರು. ತಾವು ತಿನ್ನದಿದ್ದರೂ ನನ್ನ ಮೀನಿಗೆ ರುಬ್ಬಿಕೊಡುವುದನ್ನು ಅವರು ಬಿಟ್ಟಿರಲಿಲ್ಲ. ನಾನು ಮೀನು ಹೆಚ್ಚುತ್ತ ಅಂಗಿಯ ಮಾತು ಹೇಳಿದೆ. ರುಬ್ಬುವ ಸದ್ದು ನಡೆದೇ ಇತ್ತು. ಚೀಲದ ಮಾತು ಹೇಳಿದಾಗ ಒಮ್ಮೆ ನಿಂತು ಮತ್ತೆ ಶುರುವಾಯಿತು.

ಮಧ್ಯಾಹ್ನ ಅವರು ಗಂಜಿಯ ತಟ್ಟೆಯ ಮುಂದೆ ಕೂತರು. ನಾನು ಸಾರಿನ ಪಾತ್ರೆ ತಂದಿಟ್ಟೆ. ಅವರು ಪಾತ್ರೆಯೊಳಗೆ ನೋಡಿದರು.

"ಕೊಸರು ಯಾವುದು?"

ನನಗೆ ತಿಳಿಯಲಿಲ್ಲ.

"ಹತ್ತಕ್ಕೆ ದುಡ್ಡು ಕೊಟ್ಟದ್ದು ಅಂದ್ಯಲ್ಲ. ಮೇಲಿಂದ ಹಾಕಿದ್ದಕ್ಕೆ ಕೊಡ್ಲಿಲ್ಲ ಅಲ್ದಾ? ಅದು ಯಾವುದು?"

ಯಾವುದಾದರೂ ಒಂದನ್ನು ತೋರಿಸಿ ಇದೇ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಗೊತ್ತಿಲ್ಲದ ಉತ್ತರಕ್ಕೆ ಗೆರೆ ಎಳೆಯುವ ಅಭ್ಯಾಸ ನನಗಿಲ್ಲ. ಹತ್ತನ್ನು ಅಳೆದಿದ್ದೆ, ಹನ್ನೊಂದನೆಯದನ್ನು ಅಳೆದಿರಲಿಲ್ಲ. ಎಲ್ಲವೂ ಸುಮಾರು ಇಪ್ಪತ್ತಿದ್ದವು. ಹಾಗಾಗಿ ಬೇರೆ ಅಳತೆಯದು ಯಾವುದೋ ಅದೇ ಕೊಸರು. ಎದ್ದು ಹೋಗಿ ಸ್ಕೇಲು ತಂದೆ.

ತಲೆ ಮತ್ತು ಬಾಲ ಕತ್ತರಿಸಿದ್ದೇನೆ ಎಂಬುದು ಪಾತ್ರೆಯ ಮುಂದೆ ಕೂತ ಮೇಲೆ ನೆನಪಾಯಿತು. ಉಳಿದದ್ದನ್ನೇ ಅಳೆಯೋಣ ಎಂದೆ. ಅತ್ತೆ ಸೌಟಿನಲ್ಲಿ ಒಂದೊಂದಾಗಿ ಎತ್ತಿ ಹಿಡಿದರು. ನಾನು ಆವಿಯಲ್ಲಿ ಸ್ಕೇಲು ಹಿಡಿದೆ. ಹದಿಮೂರು. ಹದಿಮೂರೂವರೆ. ಮೂರನೆಯದಕ್ಕೆ ಅಂಕಿಗಳ ಮೇಲೆ ಮಸಾಲೆ ಕೂತು ಹದಿಮೂರೋ ಹದಿನೈದೋ ತಿಳಿಯದಾಯಿತು. ನಾಲ್ಕನೆಯದು ಸೌಟಿನಿಂದ ಜಾರಿತು, ಅದರ ಜೊತೆ ಸ್ಕೇಲೂ ಪಾತ್ರೆಗೆ ಬಿತ್ತು. ಎತ್ತುವಷ್ಟರಲ್ಲಿ ಬಿಸಿಗೆ ಅದು ಬಿಲ್ಲಿನ ಹಾಗೆ ಬಾಗಿತ್ತು.

"ಜ್ವರ ಎಷ್ಟದೆ?" ಎಂದರು ಅತ್ತೆ.

ನಾನು ಬಾಗಿದ ಸ್ಕೇಲನ್ನೇ ನೋಡುತ್ತಿದ್ದೆ. ಅವರು ಸೌಟು ಕೆಳಗಿಟ್ಟು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಭುಜ ಅಲುಗುತ್ತಿತ್ತು. ಅಳುತ್ತಿದ್ದಾರೆ ಎಂದುಕೊಂಡೆ. ಅಲ್ಲ, ನಗುತ್ತಿದ್ದರು. ಆ ಸದ್ದಿಗೆ ಪಕ್ಕದ ಮನೆಯವಳು ಹಿಂಬಾಗಿಲಿಗೆ ಬಂದು ಇಣುಕಿದಳು. ಸಾರು ಚೆಲ್ಲಿದ ನೆಲ, ನನ್ನ ಕೈಯ ಸ್ಕೇಲು ನೋಡಿ, ಎಂತ ಮಾಡ್ತಾ ಇದ್ರಿ ಎಂದಳು.

"ಅಂಗಿಯ ಅಳತೆ ತಕಂತಾ ಇದ್ದೆವು," ಎಂದರು ಅತ್ತೆ. "ನೀ ಹೋಗು, ನಿಂದು ಆಮೇಲೆ."

ಅವಳು ಹೋದ ಮೇಲೆ ಕಣ್ಣೊರೆಸಿಕೊಂಡು ಪಾತ್ರೆಗೆ ಸೌಟು ಹಾಕಿ, ಒಂದು ಮೀನನ್ನು ಎತ್ತಿ ತಮ್ಮ ತಟ್ಟೆಗೆ ಹಾಕಿಕೊಂಡರು. ಇದೇ, ಇದರ ಮೈಯೇ ಬೇರೆ ಅದೆ ಎಂದರು. ಅದಕ್ಕೂ ಉಳಿದವಕ್ಕೂ ನನಗೆ ಯಾವ ವ್ಯತ್ಯಾಸವೂ ಕಾಣಲಿಲ್ಲ. ಹೌದು ಎಂದೆ. ಅನ್ನ ತರಲು ಒಳಗೆ ಹೋದೆ, ತಂದು ಬಡಿಸಿದೆ, ಒಲೆಯ ಹತ್ತಿರ ಕೂತು ನನ್ನ ಊಟ ಮುಗಿಸಿದೆ.

ಆಮೇಲೆ ತಟ್ಟೆಗಳನ್ನು ಎತ್ತಿದೆ. ಅತ್ತೆಯ ತಟ್ಟೆಯ ಅಂಚಿನಲ್ಲಿ ಎರಡು ನಡುಮುಳ್ಳು ಇದ್ದವು.